ಬ್ಯಾಸ್ಕೆಟ್‌ಬಾಲ್: ಸಾರ್ವಕಾಲಿಕ ಶ್ರೇಷ್ಠರನ್ನು ಅಳೆಯುವುದು ಹೇಗೆ?

1962ರ ಮಾರ್ಚ್ 2ರಂದು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಹರ್ಷಿ ಪಟ್ಟಣದಲ್ಲಿ ವಿಲ್ಟ್ ಚೇಂಬರ್ಲಿನ್ ಒಂದೇ ಪಂದ್ಯದಲ್ಲಿ 100 ಅಂಕ ಗಳಿಸಿದರು. 62 ವರ್ಷಗಳ ನಂತರ, 2024ರ ಅದೇ ಮಾರ್ಚ್ 2ರಂದು, ಲಾಸ್ ಏಂಜಲೀಸ್‌ನಲ್ಲಿ ಲೆಬ್ರಾನ್ ಜೇಮ್ಸ್ ವೃತ್ತಿಜೀವನದ 40,000 ಅಂಕಗಳನ್ನು ಪೂರೈಸಿದ ಮೊದಲ ಆಟಗಾರರೆನಿಸಿದರು. ಮೊದಲ ದಾಖಲೆಯನ್ನು ಕಣ್ಣಾರೆ ಕಂಡವರು 4,124 ಪ್ರೇಕ್ಷಕರು ಮಾತ್ರ. ಆ ಪಂದ್ಯದ ದೃಶ್ಯ ದಾಖಲೆ ಇಲ್ಲ. ಎರಡನೆಯದನ್ನು ಜಗತ್ತಿನ ಮೂಲೆ ಮೂಲೆಯ ಅಭಿಮಾನಿಗಳು ನೇರ ಪ್ರಸಾರದಲ್ಲಿ ವೀಕ್ಷಿಸಿದರು.

ಈ ಇಬ್ಬರಲ್ಲಿ ಯಾರು ದೊಡ್ಡವರು ಎಂಬ ಪ್ರಶ್ನೆ ಕೇಳುವುದು ಸುಲಭ. ಕ್ರಿಕೆಟ್ ಪ್ರಿಯರು ಬ್ರಾಡ್ಮನ್ ಹಾಗೂ ತೆಂಡೂಲ್ಕರ್ ಅವರನ್ನು ತಕ್ಕಡಿಗೆ ಹಾಕುವಂತೆಯೇ ಬ್ಯಾಸ್ಕೆಟ್‌ಬಾಲ್ ಪ್ರಿಯರೂ ದಶಕಗಳಿಂದ ಈ ವಾದ ನಡೆಸುತ್ತಲೇ ಬಂದಿದ್ದಾರೆ. ಆದರೆ ನಿಯಮ, ಅಂಕಣದ ಅಳತೆ, ಲೆಕ್ಕವಿಡುವ ಪದ್ಧತಿ ಎಲ್ಲವೂ ಬದಲಾಗಿರುವ ಆಟದಲ್ಲಿ ಅಳತೆಗೋಲನ್ನು ಮೊದಲು ನಿಶ್ಚಯಿಸದೆ ತೀರ್ಪು ನೀಡಿದರೆ ಹಳೆಯ ತಲೆಮಾರಿಗೆ ಅನ್ಯಾಯವಾಗುವುದು ಖಚಿತ.

ಪಟ್ಟಿಗಳ ಕಥೆ

ಇಂದಿನ ನ್ಯಾಷನಲ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎನ್‌ಬಿಎ, 1946ರಲ್ಲಿ ಬೇರೊಂದು ಹೆಸರಿನಲ್ಲಿ ಆರಂಭವಾಗಿ 1949ರಲ್ಲಿ ಈಗಿನ ಹೆಸರು ಪಡೆಯಿತು. ತನ್ನ ಇತಿಹಾಸದ ಶ್ರೇಷ್ಠರನ್ನು ಲೀಗ್ ನಾಲ್ಕು ಬಾರಿ ಅಧಿಕೃತವಾಗಿ ಪಟ್ಟಿ ಮಾಡಿದೆ. 1971ರಲ್ಲಿ 10, 1980ರಲ್ಲಿ 11, 1996ರಲ್ಲಿ 50 ಮಂದಿಯನ್ನು ಆರಿಸಲಾಯಿತು. 2021ರಲ್ಲಿ 75 ಮಂದಿಯ ಪಟ್ಟಿ ಮಾಡಹೊರಟಾಗ ಮತಗಳು ಸಮವಾಗಿ ಬಿದ್ದುದರಿಂದ 76 ಹೆಸರುಗಳು ಸೇರಿದವು.

ಈ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಿವೃತ್ತರನ್ನಷ್ಟೇ ಪರಿಗಣಿಸಿದ್ದ 1971ರ ಪಟ್ಟಿಯ ಹತ್ತು ಮಂದಿಯಲ್ಲಿ ಜೋ ಫಲ್ಕ್ಸ್ ಮತ್ತು ಬಾಬ್ ಡೇವಿಸ್ ಇದ್ದರು. ಪಟ್ಟಿ ಐದು ಪಟ್ಟು ಹಿಗ್ಗಿದ 1996ರಲ್ಲಿ ಅವರಿಬ್ಬರಿಗೂ ಸ್ಥಾನ ದೊರೆಯಲಿಲ್ಲ. 2021ರ 76 ಮಂದಿಯ ಪಟ್ಟಿಯಲ್ಲೂ ಅವರಿಲ್ಲ.

ಫಲ್ಕ್ಸ್ ಸಾಮಾನ್ಯ ಆಟಗಾರರಾಗಿರಲಿಲ್ಲ. ಲೀಗಿನ ಮೊಟ್ಟಮೊದಲ ಋತುವಾದ 1946-47ರಲ್ಲಿ ಪಂದ್ಯಕ್ಕೆ ಸರಾಸರಿ 23.2 ಅಂಕ ಗಳಿಸಿ ಅವರು ಅಗ್ರಸ್ಥಾನ ಪಡೆದರು. ಎರಡನೆಯ ಸ್ಥಾನದಲ್ಲಿದ್ದವರ ಸರಾಸರಿ 17ನ್ನೂ ಮುಟ್ಟಿರಲಿಲ್ಲ. ಬಹುತೇಕ ಆಟಗಾರರು ನೆಲದ ಮೇಲೆ ನಿಂತೇ ಚೆಂಡೆಸೆಯುತ್ತಿದ್ದ ಕಾಲದಲ್ಲಿ, ಜಿಗಿದು ಗಾಳಿಯಲ್ಲಿ ಎಸೆಯುವ ಶೈಲಿಯನ್ನು ಜನಪ್ರಿಯಗೊಳಿಸಿದವರಲ್ಲಿ ಅವರೂ ಒಬ್ಬರು. 1949ರಲ್ಲಿ ಅವರು ಒಂದೇ ಪಂದ್ಯದಲ್ಲಿ ಗಳಿಸಿದ 63 ಅಂಕಗಳ ದಾಖಲೆ ಹತ್ತು ವರ್ಷ ಅಳಿಯದೆ ಉಳಿಯಿತು. ಆ ಸಾಧನೆಯಲ್ಲಿ ಯಾವುದೂ ಮುಂದೆ ಕಡಿಮೆಯಾಗಲಿಲ್ಲ. ನೋಡಿದವರು ಕಡಿಮೆಯಾದರು, ಅಷ್ಟೆ.

ನಿಯಮ ಬದಲಾದಂತೆ ಆಟ

1950ರ ನವೆಂಬರ್ 22ರಂದು ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು 19-18ರಿಂದ ಸೋಲಿಸಿತು. ಇದು ಒಂದು ಭಾಗದ ಅಂಕವಲ್ಲ, ಇಡೀ ಪಂದ್ಯದ ಅಂಕ. ಲೇಕರ್ಸ್‌ನ 6 ಅಡಿ 10 ಅಂಗುಲ ಎತ್ತರದ ಜಾರ್ಜ್ ಮೈಕನ್ ಅವರಿಗೆ ಚೆಂಡು ಸಿಗದಂತೆ ಮಾಡಲು ಎದುರಾಳಿಗಳು ಚೆಂಡನ್ನು ಕೈಯಲ್ಲೇ ಹಿಡಿದು ಕಾಲ ಕಳೆದಿದ್ದರು. ಹಾಗೆ ಮಾಡುವುದನ್ನು ಅಂದಿನ ನಿಯಮ ತಡೆಯುತ್ತಿರಲಿಲ್ಲ.

1954-55ರ ಋತುವಿನಲ್ಲಿ 24 ಸೆಕೆಂಡುಗಳ ಗಡಿಯಾರ ಜಾರಿಗೆ ಬಂತು. ಚೆಂಡು ದೊರೆತ ತಂಡ 24 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಈ ಸಂಖ್ಯೆಯ ಹಿಂದೆ ಸರಳ ಲೆಕ್ಕವಿದೆ. ಉತ್ತಮ ಪಂದ್ಯವೊಂದರಲ್ಲಿ ಎರಡೂ ತಂಡಗಳಿಂದ ಸುಮಾರು 120 ಎಸೆತಗಳಿರುತ್ತವೆ ಎಂದು ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಾಸೋನ್ ಭಾವಿಸಿದ್ದರು. ಪಂದ್ಯದ 48 ನಿಮಿಷಗಳೆಂದರೆ 2,880 ಸೆಕೆಂಡು. ಅದನ್ನು 120ರಿಂದ ಭಾಗಿಸಿದಾಗ ದೊರೆತದ್ದು 24. ಒಂದೇ ಋತುವಿನಲ್ಲಿ ತಂಡಗಳ ಸರಾಸರಿ ಗಳಿಕೆ 79ರ ಆಸುಪಾಸಿನಿಂದ 93ಕ್ಕೆ ಏರಿತು.

ಕೆಲವು ನಿಯಮಗಳು ಒಬ್ಬಿಬ್ಬರನ್ನು ಕಟ್ಟಿಹಾಕಲೆಂದೇ ಬಂದವು. ಬುಟ್ಟಿಯ ಕೆಳಗೆ ದಾಳಿಯ ತಂಡದವರು ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲುವಂತಿಲ್ಲದ ವಲಯವೊಂದಿದೆ. ಮೈಕನ್ ಅವರ ಪ್ರಾಬಲ್ಯ ತಗ್ಗಿಸಲು 1951ರಲ್ಲಿ ಅದರ ಅಗಲವನ್ನು 6 ಅಡಿಯಿಂದ 12 ಅಡಿಗೆ ಹೆಚ್ಚಿಸಲಾಯಿತು. ಚೇಂಬರ್ಲಿನ್ ಅವರ ಕಾಲದಲ್ಲಿ, 1964ರಲ್ಲಿ, ಅದು 16 ಅಡಿಯಾಯಿತು. ಒಬ್ಬ ಆಟಗಾರನ ಹಿರಿಮೆಗೆ ಅಂಕಿ-ಅಂಶಗಳಿಗಿಂತ ಬಲವಾದ ಸಾಕ್ಷ್ಯವೂ ಉಂಟು ಎಂಬುದನ್ನು ಈ ಬದಲಾವಣೆಗಳು ತೋರಿಸುತ್ತವೆ.

ಅಂಕಿ-ಅಂಶಗಳ ಭ್ರಮೆ

1961-62ರ ಋತುವಿನಲ್ಲಿ ಚೇಂಬರ್ಲಿನ್ ಪಂದ್ಯಕ್ಕೆ ಸರಾಸರಿ 50.4 ಅಂಕ ಹಾಗೂ 25.7 ರೀಬೌಂಡ್ ಗಳಿಸಿದರು. ಗುರಿ ತಪ್ಪಿ ಹಿಂದಿರುಗಿದ ಚೆಂಡನ್ನು ವಶಪಡಿಸಿಕೊಳ್ಳುವುದೇ ರೀಬೌಂಡ್. ಅದೇ ಋತುವಿನಲ್ಲಿ ಆಸ್ಕರ್ ರಾಬರ್ಟ್‌ಸನ್ 30.8 ಅಂಕ, 12.5 ರೀಬೌಂಡ್ ಮತ್ತು ಸಹ ಆಟಗಾರರ ಗಳಿಕೆಗೆ ನೆರವಾದ 11.4 ಅಸಿಸ್ಟ್‌ಗಳ ಸರಾಸರಿ ಸಾಧಿಸಿದರು. ಮೂರು ವಿಭಾಗಗಳಲ್ಲೂ ಎರಡಂಕಿ ಮುಟ್ಟುವ ಈ ಸಾಧನೆಗೆ ಟ್ರಿಪಲ್ ಡಬಲ್ ಎಂದು ಹೆಸರು.

ಈ ಅಂಕಿಗಳನ್ನು ಹಾಗೆಯೇ ಇಂದಿನವರೊಂದಿಗೆ ಹೋಲಿಸುವಂತಿಲ್ಲ. ಅಂದು ಪ್ರತಿ ತಂಡ ಪಂದ್ಯವೊಂದರಲ್ಲಿ ಸುಮಾರು 108 ಬಾರಿ ಬುಟ್ಟಿಯತ್ತ ಎಸೆಯುತ್ತಿತ್ತು. ಅವುಗಳಲ್ಲಿ ನೂರಕ್ಕೆ 43ರಷ್ಟು ಗುರಿ ಸೇರುತ್ತಿದ್ದವು. ಅಂದರೆ ತಪ್ಪಿದ ಎಸೆತಗಳು ಸುಮಾರು 62. 2024-25ರಲ್ಲಿ ತಂಡವೊಂದರ ಎಸೆತಗಳು ಸುಮಾರು 89, ಗುರಿ ಸೇರಿದವು ನೂರಕ್ಕೆ 47ರಷ್ಟು, ತಪ್ಪಿದವು ಸುಮಾರು 47. ತಪ್ಪಿದ ಎಸೆತಗಳು ಕಾಲು ಭಾಗದಷ್ಟು ಕಡಿಮೆಯಾದಾಗ ರೀಬೌಂಡ್ ಅವಕಾಶಗಳೂ ಅಷ್ಟೇ ಕಡಿಮೆಯಾಗುತ್ತವೆ. ಈ ಲೆಕ್ಕದಲ್ಲಿ ರಾಬರ್ಟ್‌ಸನ್ ಅವರ 12.5 ರೀಬೌಂಡ್ ಇಂದು ಹತ್ತಕ್ಕಿಂತ ಕೆಳಗಿಳಿದೀತು.

ಆದರೆ ಲೆಕ್ಕ ಒಂದೇ ಕಡೆಗೆ ವಾಲುವುದಿಲ್ಲ. ಅಷ್ಟೊಂದು ಎಸೆತಗಳಿದ್ದರೂ ಅಂದು ತಂಡವೊಂದಕ್ಕೆ ಪಂದ್ಯಕ್ಕೆ ದೊರೆಯುತ್ತಿದ್ದ ಅಸಿಸ್ಟ್‌ಗಳು ಸುಮಾರು 24. 2024-25ರಲ್ಲಿ ಅವು 26ನ್ನು ಮೀರಿದವು. ಹೀಗಾಗಿ ರಾಬರ್ಟ್‌ಸನ್ ಅವರ ರೀಬೌಂಡ್‌ಗಳನ್ನು ಕಡಿತಗೊಳಿಸುವವರು ಅದೇ ನ್ಯಾಯದಂತೆ ಅಸಿಸ್ಟ್‌ಗಳನ್ನು ಹೆಚ್ಚಿಸಬೇಕಾಗುತ್ತದೆ.

ಚೇಂಬರ್ಲಿನ್ ವಿಷಯದಲ್ಲೂ ಅಷ್ಟೆ. ಒಂಬತ್ತೇ ತಂಡಗಳಿದ್ದ ಆ ಋತುವಿನಲ್ಲಿ ಆರು ಮಂದಿಯ ಸರಾಸರಿ 30 ಅಂಕ ದಾಟಿತ್ತು ಎಂಬುದು ಆಟದ ವೇಗಕ್ಕೆ ಸಾಕ್ಷಿ. ಹಾಗಿದ್ದರೂ ಎರಡನೆಯ ಅತ್ಯಧಿಕ ಸರಾಸರಿಯಾದ ಎಲ್ಗಿನ್ ಬೇಲರ್ ಅವರ 38.3ಕ್ಕಿಂತ ಚೇಂಬರ್ಲಿನ್ ಹನ್ನೆರಡು ಅಂಕ ಮುಂದಿದ್ದರು. ವೇಗದ ಲಾಭ ಎಲ್ಲರಿಗೂ ಸಮಾನವಾಗಿ ದೊರೆತಿತ್ತು, ಈ ಅಂತರ ಮಾತ್ರ ಅವರೊಬ್ಬರದು.

ಲೆಕ್ಕಕ್ಕೆ ಸಿಗದ ಸಾಧನೆಗಳು

ಎದುರಾಳಿಯ ಎಸೆತವನ್ನು ತಡೆಯುವ ಬ್ಲಾಕ್ ಮತ್ತು ಚೆಂಡನ್ನು ಕಸಿಯುವ ಸ್ಟೀಲ್‌ಗಳನ್ನು ಎನ್‌ಬಿಎ ದಾಖಲಿಸತೊಡಗಿದ್ದು 1973-74ರಲ್ಲಿ. ಅಷ್ಟರಲ್ಲಿ ಬಿಲ್ ರಸೆಲ್ ನಿವೃತ್ತರಾಗಿ ನಾಲ್ಕು ವರ್ಷ ಕಳೆದಿತ್ತು, ಚೇಂಬರ್ಲಿನ್ ಆಗಷ್ಟೇ ನಿರ್ಗಮಿಸಿದ್ದರು. ರಕ್ಷಣೆಯ ಆಟದ ಅರ್ಥವನ್ನೇ ಬದಲಿಸಿದ ರಸೆಲ್ ಅವರ ಹೆಸರಿನ ಮುಂದೆ ಅಧಿಕೃತ ದಾಖಲೆಯಲ್ಲಿ ಒಂದೇ ಒಂದು ಬ್ಲಾಕ್ ಕೂಡ ಇಲ್ಲ. 3,830 ಬ್ಲಾಕ್‌ಗಳೊಂದಿಗೆ ನೈಜೀರಿಯಾ ಮೂಲದ ಹಕೀಂ ಒಲಾಜುವಾನ್ ದಾಖಲೆ ಹೊಂದಿದ್ದಾರೆ. ಈ ದಾಖಲೆ ಎಣಿಕೆ ಆರಂಭವಾದ ನಂತರದ ದಾಖಲೆ ಎಂದೇ ಓದಿಕೊಳ್ಳಬೇಕು.

ಫೈನಲ್ಸ್ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿಯ ಕಥೆ ಇನ್ನೂ ವಿಚಿತ್ರ. 13 ಋತುಗಳಲ್ಲಿ 11 ಬಾರಿ ಬಾಸ್ಟನ್ ಸೆಲ್ಟಿಕ್ಸ್ ತಂಡದೊಂದಿಗೆ ಚಾಂಪಿಯನ್ ಆದ ರಸೆಲ್ ಆ ಪ್ರಶಸ್ತಿಯನ್ನು ಒಮ್ಮೆಯೂ ಪಡೆಯಲಿಲ್ಲ. ಪ್ರಶಸ್ತಿ ಆರಂಭವಾದದ್ದೇ ಅವರ ಕೊನೆಯ ಋತುವಾದ 1969ರಲ್ಲಿ. ಆ ವರ್ಷ ಅದು ಸೋತ ಲೇಕರ್ಸ್ ತಂಡದ ಜೆರ್ರಿ ವೆಸ್ಟ್ ಅವರಿಗೆ ಸಂದಿತು. ಸೋತ ತಂಡದವರೊಬ್ಬರಿಗೆ ಈ ಗೌರವ ದೊರೆತದ್ದು ಅದೊಂದೇ ಬಾರಿ. 2009ರಿಂದ ಈ ಪ್ರಶಸ್ತಿಗೆ ರಸೆಲ್ ಅವರ ಹೆಸರನ್ನೇ ಇಡಲಾಗಿದೆ.

ಎಂವಿಪಿ ಎಂದು ಕರೆಯಲಾಗುವ ವರ್ಷದ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯನ್ನು 1979-80ರವರೆಗೆ ಆಟಗಾರರೇ ಮತ ಹಾಕಿ ನಿರ್ಧರಿಸುತ್ತಿದ್ದರು, ನಂತರ ಆ ಅಧಿಕಾರ ಮಾಧ್ಯಮದವರ ಪಾಲಾಯಿತು. ಚೇಂಬರ್ಲಿನ್ 50.4 ಅಂಕಗಳ ಸರಾಸರಿ ಸಾಧಿಸಿದ ವರ್ಷ ಸಹ ಆಟಗಾರರು ಆರಿಸಿದ್ದು ರಸೆಲ್ ಅವರನ್ನು. ಅಂಕಣದಲ್ಲಿ ಇಬ್ಬರನ್ನೂ ಎದುರಿಸಿದವರ ಈ ತೀರ್ಪು, ಅಂದಿನ ಆಟವನ್ನು ನೋಡದೆ ಅಂಕಿಗಳನ್ನಷ್ಟೇ ಓದುವ ಇಂದಿನವರಿಗೆ ಎಚ್ಚರಿಕೆಯ ಮಾತಿನಂತಿದೆ.

1967ರಿಂದ 1976ರವರೆಗೆ ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಅಂದರೆ ಎಬಿಎ, ಎಂಬ ಪ್ರತಿಸ್ಪರ್ಧಿ ಲೀಗ್ ನಡೆಯಿತು. ಕೊನೆಗೆ ಅದರ ನಾಲ್ಕು ತಂಡಗಳು ಎನ್‌ಬಿಎ ಸೇರಿದವು. ಆದರೆ ಅಲ್ಲಿನ ಅಂಕಗಳನ್ನು ಎನ್‌ಬಿಎ ತನ್ನ ದಾಖಲೆಗೆ ಸೇರಿಸಿಕೊಳ್ಳಲಿಲ್ಲ. ಜೂಲಿಯಸ್ ಎರ್ವಿಂಗ್ ಎರಡೂ ಲೀಗ್‌ಗಳಲ್ಲಿ ಒಟ್ಟು 30,026 ಅಂಕ ಗಳಿಸಿದವರು. ಎನ್‌ಬಿಎ ಪಟ್ಟಿಯಲ್ಲಿ ಅವರ ಲೆಕ್ಕ 18,364ಕ್ಕೇ ನಿಲ್ಲುತ್ತದೆ.

ಅಂಕಣದ ಹೊರಗಿನ ಹೋರಾಟ

ಹಳಬರು ಆಡಿದ ಪರಿಸ್ಥಿತಿಯನ್ನೂ ಮರೆಯುವಂತಿಲ್ಲ. ಎನ್‌ಬಿಎ ಪಂದ್ಯವಾಡಿದ ಮೊದಲ ಕಪ್ಪುವರ್ಣೀಯ ಆಟಗಾರ ಅರ್ಲ್ ಲಾಯ್ಡ್ ಅಂಕಣಕ್ಕಿಳಿದದ್ದು 1950ರ ಅಕ್ಟೋಬರ್ 31ರಂದು. ಅದಕ್ಕೂ ಹಿಂದಿನ ಋತುಗಳಲ್ಲಿ ಅವರಂಥವರಿಗೆ ಈ ಲೀಗಿನ ಬಾಗಿಲು ತೆರೆದಿರಲಿಲ್ಲ. 1961ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ ಉಪಾಹಾರ ನೀಡಲು ಹೋಟೆಲಿನವರು ನಿರಾಕರಿಸಿದಾಗ ರಸೆಲ್ ಮತ್ತು ಅವರ ಕಪ್ಪುವರ್ಣೀಯ ಸಹ ಆಟಗಾರರು ಪ್ರದರ್ಶನ ಪಂದ್ಯವನ್ನು ಬಹಿಷ್ಕರಿಸಿ ಊರಿಗೆ ಮರಳಿದರು. ಬೇಲರ್ ತಮ್ಮ 38.3 ಅಂಕಗಳ ಸರಾಸರಿಯನ್ನು ಸಾಧಿಸಿದ್ದು ಸೈನ್ಯದ ಮೀಸಲು ಪಡೆಯ ಕರ್ತವ್ಯದಲ್ಲಿದ್ದುಕೊಂಡು, ರಜೆ ಸಿಕ್ಕಾಗ ಮಾತ್ರ ಬಂದು ಆಡಿದ 48 ಪಂದ್ಯಗಳಲ್ಲಿ.

1964ರ ಜನವರಿಯಲ್ಲಿ ಬಾಸ್ಟನ್‌ನಲ್ಲಿ ಆಲ್ ಸ್ಟಾರ್ ಪಂದ್ಯಕ್ಕೆ ಸೇರಿದ್ದ ತಾರೆಯರು, ಪಿಂಚಣಿಯ ಭರವಸೆ ದೊರೆಯುವವರೆಗೆ ಅಂಕಣಕ್ಕಿಳಿಯುವುದಿಲ್ಲ ಎಂದು ಪಟ್ಟು ಹಿಡಿದರು. ಭರವಸೆ ದೊರೆತ ಮೇಲೆಯೇ ಪಂದ್ಯ ಆರಂಭವಾಯಿತು. ಆಟಗಾರರ ಸಂಘದ ಅಧ್ಯಕ್ಷರಾಗಿದ್ದ ರಾಬರ್ಟ್‌ಸನ್ ಹೆಸರಿನಲ್ಲಿ 1970ರಲ್ಲಿ ಹೂಡಲಾದ ಮೊಕದ್ದಮೆ 1976ರಲ್ಲಿ ರಾಜಿಯಾಗಿ, ಒಪ್ಪಂದ ಮುಗಿದ ಆಟಗಾರ ತನ್ನ ತಂಡವನ್ನು ತಾನೇ ಆರಿಸಿಕೊಳ್ಳುವ ದಾರಿ ತೆರೆಯಿತು. ತಂಡ ಬದಲಿಸಿ ಪಟ್ಟ ಗೆದ್ದ ಮುಂದಿನ ತಲೆಮಾರಿನ ತಾರೆಯರು ನಡೆದದ್ದು ಈ ದಾರಿಯಲ್ಲೇ.

ಸ್ಥಾನವಾರು ಹೋಲಿಕೆ

ಸೆಂಟರ್: ಬುಟ್ಟಿಯ ಬಳಿ ಆಡುವ ಈ ಎತ್ತರದ ಆಟಗಾರರ ಸ್ಥಾನದಲ್ಲಿ ಪೈಪೋಟಿ ತೀವ್ರ. ಪಟ್ಟಗಳನ್ನು ಎಣಿಸಿದರೆ ರಸೆಲ್, ದಾಖಲೆಗಳನ್ನು ಎಣಿಸಿದರೆ ಚೇಂಬರ್ಲಿನ್ ಮುಂದೆ. 20 ಋತು, 38,387 ಅಂಕ, ಆರು ಎಂವಿಪಿ, ಆರು ಚಾಂಪಿಯನ್ ಪಟ್ಟಗಳ ಕರೀಂ ಅಬ್ದುಲ್ ಜಬ್ಬಾರ್ ಎರಡರ ನಡುವಿನ ಸಮತೋಲನಕ್ಕೆ ಹೆಸರಾದವರು. 1994ರಲ್ಲಿ ಒಂದೇ ಋತುವಿನಲ್ಲಿ ಎಂವಿಪಿ, ಶ್ರೇಷ್ಠ ರಕ್ಷಣಾ ಆಟಗಾರ ಹಾಗೂ ಫೈನಲ್ಸ್ ಶ್ರೇಷ್ಠ ಪ್ರಶಸ್ತಿಗಳನ್ನು ಪಡೆದ ಒಲಾಜುವಾನ್, 2000ದಿಂದ 2002ರವರೆಗೆ ಸತತ ಮೂರು ಫೈನಲ್ಸ್ ಶ್ರೇಷ್ಠ ಪ್ರಶಸ್ತಿ ಗೆದ್ದ ಶಕೀಲ್ ಓನೀಲ್ ಇವರ ಹಿಂದೆಯೇ ಇದ್ದಾರೆ.

ಪವರ್ ಫಾರ್ವರ್ಡ್: ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ 1999ರಿಂದ 2014ರ ನಡುವೆ ಐದು ಪಟ್ಟ ತಂದುಕೊಟ್ಟ ಟಿಮ್ ಡಂಕನ್ ಪರ ಒಲವು ಹೆಚ್ಚು. 1956ರ ಮೊದಲ ಎಂವಿಪಿ, 20,000 ಅಂಕ ದಾಟಿದ ಮೊದಲಿಗ ಬಾಬ್ ಪೆಟಿಟ್ ಅವರನ್ನು ಸ್ಮರಿಸುವವರು ವಿರಳ. 36,928 ಅಂಕ ಗಳಿಸಿಯೂ ಒಂದೂ ಪಟ್ಟ ಗೆಲ್ಲದ ಕಾರ್ಲ್ ಮಲೋನ್, ತಂಡದ ಯಶಸ್ಸನ್ನು ವ್ಯಕ್ತಿಯ ಲೆಕ್ಕಕ್ಕೆ ಎಷ್ಟರಮಟ್ಟಿಗೆ ಬರೆಯಬೇಕು ಎಂಬ ಪ್ರಶ್ನೆಗೆ ನಿದರ್ಶನ.

ಸ್ಮಾಲ್ ಫಾರ್ವರ್ಡ್: ಲೆಬ್ರಾನ್ ಜೇಮ್ಸ್ ನಾಲ್ಕು ಪಟ್ಟ, ನಾಲ್ಕು ಎಂವಿಪಿಗಳೊಂದಿಗೆ ಅಗ್ರಸ್ಥಾನದಲ್ಲಿದ್ದಾರೆ. 1984ರಿಂದ 1986ರವರೆಗೆ ಸತತ ಮೂರು ಎಂವಿಪಿ ಗೆದ್ದ ಲ್ಯಾರಿ ಬರ್ಡ್ ಅವರದು ನಂತರದ ಹೆಸರು. ಬೇಲರ್ ಮತ್ತು ಎರ್ವಿಂಗ್ ಇಲ್ಲದಿದ್ದರೆ ಗಾಳಿಯಲ್ಲಿ ತೇಲಿ ಆಡುವ ಶೈಲಿಯೇ ಇರುತ್ತಿರಲಿಲ್ಲ ಎಂಬ ವಾದಕ್ಕೂ ತೂಕವಿದೆ.

ಶೂಟಿಂಗ್ ಗಾರ್ಡ್: ಆರು ಪಟ್ಟ, ಐದು ಎಂವಿಪಿ, ಹತ್ತು ಬಾರಿ ಅತ್ಯಧಿಕ ಸರಾಸರಿಯ ಗೌರವ ಪಡೆದ ಮೈಕೆಲ್ ಜೋರ್ಡನ್ ಇಲ್ಲಿ ಬಹುತೇಕ ನಿರ್ವಿವಾದ. ನಂತರದ ಸ್ಥಾನಕ್ಕೆ, 2006ರಲ್ಲಿ ಒಂದೇ ಪಂದ್ಯದಲ್ಲಿ 81 ಅಂಕ ಗಳಿಸಿದ, ಐದು ಪಟ್ಟಗಳ ಒಡೆಯ ಕೋಬಿ ಬ್ರಯಾಂಟ್ ಹಾಗೂ ವೆಸ್ಟ್ ನಡುವೆ ಸ್ಪರ್ಧೆಯಿದೆ.

ಪಾಯಿಂಟ್ ಗಾರ್ಡ್: ಆಟವನ್ನು ಹೆಣೆಯುವ ಈ ಸ್ಥಾನದಲ್ಲಿ ಐದು ಪಟ್ಟಗಳ ಮ್ಯಾಜಿಕ್ ಜಾನ್ಸನ್ ಅವರದೇ ಹಿರಿತನ ಎಂಬುದು ಬಹುಕಾಲದ ಅಭಿಪ್ರಾಯ. 15,806 ಅಸಿಸ್ಟ್‌ಗಳ ಜಾನ್ ಸ್ಟಾಕ್ಟನ್, ರಾಬರ್ಟ್‌ಸನ್ ಜೊತೆಗೆ ಈಗ ಸ್ಟೀಫನ್ ಕರಿ ಅದನ್ನು ಪ್ರಶ್ನಿಸುತ್ತಿದ್ದಾರೆ. ಎನ್‌ಬಿಎಯಲ್ಲಿ ಮೂರು ಅಂಕಗಳ ಗೆರೆ ಬಂದ 1979-80ರಲ್ಲಿ ತಂಡವೊಂದು ಇಡೀ ಋತುವಿನಲ್ಲಿ ಅಲ್ಲಿಂದ ಎಸೆದದ್ದು ಸರಾಸರಿ 230ರಷ್ಟು ಬಾರಿ. 2015-16ರಲ್ಲಿ ಕರಿ ಒಬ್ಬರೇ 402 ಬಾರಿ ಅಲ್ಲಿಂದ ಗುರಿ ಮುಟ್ಟಿಸಿದರು.

ಸ್ಥಾನಗಳೇ ಕರಗುತ್ತಿರುವಾಗ

1980ರ ಫೈನಲ್ಸ್‌ನ ಆರನೇ ಪಂದ್ಯಕ್ಕೆ ಗಾಯಾಳು ಜಬ್ಬಾರ್ ಅಲಭ್ಯರಾದಾಗ, 20 ವರ್ಷದ ಪಾಯಿಂಟ್ ಗಾರ್ಡ್ ಜಾನ್ಸನ್ ಸೆಂಟರ್ ಸ್ಥಾನದಲ್ಲಿ ಆಟ ಆರಂಭಿಸಿ 42 ಅಂಕ, 15 ರೀಬೌಂಡ್, 7 ಅಸಿಸ್ಟ್ ಗಳಿಸಿ ಪಟ್ಟ ಗೆದ್ದುಕೊಟ್ಟರು. ಅಂದು ಅದು ಅಪವಾದ. 2024-25ರಲ್ಲಿ ಸರ್ಬಿಯಾದ ನಿಕೊಲಾ ಯೊಕಿಚ್ ಸೆಂಟರ್ ಆಗಿದ್ದುಕೊಂಡೇ 29.6 ಅಂಕ, 12.7 ರೀಬೌಂಡ್, 10.2 ಅಸಿಸ್ಟ್‌ಗಳ ಸರಾಸರಿ ಸಾಧಿಸಿದರು. ಸೆಂಟರ್ ಆದವರು ಆಟ ಹೆಣೆಯುವುದು ಈಗ ಅಚ್ಚರಿಯಾಗಿ ಉಳಿದಿಲ್ಲ. ಋತುವಿನ ಶ್ರೇಷ್ಠ ತಂಡಗಳನ್ನು ಆರಿಸುವಾಗ ಸ್ಥಾನಗಳನ್ನು ಪರಿಗಣಿಸುವ ಪದ್ಧತಿಯನ್ನು ಎನ್‌ಬಿಎ 2023-24ರಿಂದ ಕೈಬಿಟ್ಟಿದೆ. ಸ್ಥಾನವಾರು ಹೋಲಿಕೆ ಮುಂದಿನ ತಲೆಮಾರಿಗೆ ಅನ್ವಯವಾಗುವುದು ಅನುಮಾನ.

ಜೋರ್ಡನ್ ಅಥವಾ ಜೇಮ್ಸ್?

ಇಂದಿನ ವಾದ ಹೆಚ್ಚಾಗಿ ಈ ಇಬ್ಬರ ಸುತ್ತ ಸುತ್ತುತ್ತದೆ. ಜೋರ್ಡನ್ ಆರು ಬಾರಿ ಫೈನಲ್ಸ್ ತಲುಪಿ ಆರನ್ನೂ ಗೆದ್ದರು. ಆರರಲ್ಲೂ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದೇ. ಅವರ ವೃತ್ತಿಜೀವನದ ಸರಾಸರಿ 30.12 ಅಂಕ, ಚೇಂಬರ್ಲಿನ್ ಅವರ 30.07ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. 2003ರಲ್ಲಿ ಶಾಲೆಯಿಂದ ನೇರವಾಗಿ ಲೀಗಿಗೆ ಬಂದ ಜೇಮ್ಸ್ ಹತ್ತು ಬಾರಿ ಫೈನಲ್ಸ್ ತಲುಪಿ ನಾಲ್ಕು ಗೆದ್ದರು. 2023ರ ಫೆಬ್ರವರಿ 7ರಂದು ಜಬ್ಬಾರ್ ಅವರ ಒಟ್ಟು ಅಂಕಗಳ ದಾಖಲೆಯನ್ನು ಮುರಿದರು.

ಜೋರ್ಡನ್ ಆಡಿದ ಕಾಲದಲ್ಲಿ ರಕ್ಷಕರು ಕೈಯಿಂದ ಎದುರಾಳಿಯನ್ನು ತಡೆದು ಹಿಡಿಯಲು ಹೆಚ್ಚಿನ ಅವಕಾಶವಿತ್ತು. 2004-05ರಿಂದ ಅದನ್ನು ಕಟ್ಟುನಿಟ್ಟಾಗಿ ದಂಡಿಸಲಾಗುತ್ತಿದೆ. ಮತ್ತೊಂದೆಡೆ, ಆಟಗಾರನ ಬದಲು ಜಾಗವನ್ನು ಕಾಯುವ ವಲಯ ರಕ್ಷಣೆಗೆ ಅಂದು ನಿಷೇಧವಿತ್ತು. 2001-02ರಲ್ಲಿ ಅದಕ್ಕೆ ಅನುಮತಿ ದೊರೆಯಿತು. ಜೋರ್ಡನ್‌ಗೆ ಒಂದು ಅಡ್ಡಿ ಹೆಚ್ಚಿತ್ತು, ಜೇಮ್ಸ್‌ಗೆ ಮತ್ತೊಂದು. ಶಿಖರದ ಎತ್ತರ ಮುಖ್ಯವೆನ್ನುವವರಿಗೆ ಜೋರ್ಡನ್, ಬಾಳಿಕೆಯ ಉದ್ದ ಮುಖ್ಯವೆನ್ನುವವರಿಗೆ ಜೇಮ್ಸ್ ಒಪ್ಪಿಗೆಯಾಗುತ್ತಾರೆ.

ನ್ಯಾಯವಾದ ಅಳತೆ

ಬೇರೆ ಬೇರೆ ಕಾಲದವರನ್ನು ತೂಗುವಾಗ ನಾಲ್ಕು ಪ್ರಶ್ನೆಗಳನ್ನು ಕೇಳುವುದು ಸೂಕ್ತ. ತನ್ನ ಕಾಲದ ಇತರರಿಗಿಂತ ಆತ ಎಷ್ಟು ಮುಂದಿದ್ದ? ಅಂದಿನ ನಿಯಮ ಆತನಿಗೆ ನೆರವಾಯಿತೇ, ತೊಡಕಾಯಿತೇ? ಆತ ಮಾಡಿದ್ದರಲ್ಲಿ ಎಷ್ಟು ದಾಖಲಾಗಿದೆ? ಆತ ನಿರ್ಗಮಿಸಿದ ನಂತರ ಆಟ ಮೊದಲಿನಂತೆಯೇ ಉಳಿಯಿತೇ? ಈ ಪ್ರಶ್ನೆಗಳನ್ನು ಕೇಳಿದಾಗ ರಸೆಲ್, ಚೇಂಬರ್ಲಿನ್, ಜಬ್ಬಾರ್, ಜೋರ್ಡನ್, ಜೇಮ್ಸ್ ಐವರೂ ಅಗ್ರಪಂಕ್ತಿಯಲ್ಲಿ ಉಳಿಯುತ್ತಾರೆ. ಜೊತೆಗೆ ಮೈಕನ್ ಮತ್ತು ಫಲ್ಕ್ಸ್ ಅವರಂಥವರು ಮರೆವಿನಿಂದ ಮರಳಿ ಬರುತ್ತಾರೆ.

ಇದು ಬರಿಯ ಕಾಲಹರಣದ ಚರ್ಚೆ ಎನ್ನುವವರಿಗೆ ಎಬಿಎ ಆಟಗಾರರ ಉದಾಹರಣೆಯೇ ಉತ್ತರ. ಆ ಲೀಗಿನ ಅಂಕಗಳಂತೆ ಅಲ್ಲಿನ ಸೇವೆಯ ವರ್ಷಗಳೂ ದಶಕಗಳ ಕಾಲ ಲೆಕ್ಕದ ಹೊರಗೇ ಉಳಿದವು. ಇಳಿವಯಸ್ಸಿನಲ್ಲಿ ಹಲವರು ಕಷ್ಟದ ಬದುಕು ಸಾಗಿಸಬೇಕಾಯಿತು. 2022ರ ಜುಲೈನಲ್ಲಷ್ಟೇ ಎನ್‌ಬಿಎ ಮತ್ತು ಆಟಗಾರರ ಸಂಘ ಅವರಿಗಾಗಿ 2 ಕೋಟಿ 45 ಲಕ್ಷ ಡಾಲರ್ ನೆರವಿಗೆ ಒಪ್ಪಿದವು. ಲೀಗ್ ಮುಚ್ಚಿ ಅಷ್ಟರಲ್ಲಿ 46 ವರ್ಷಗಳಾಗಿದ್ದವು. ಯಾರನ್ನು ಲೆಕ್ಕಕ್ಕೆ ಸೇರಿಸಬೇಕು ಎಂಬ ಪ್ರಶ್ನೆಗೆ ತಡವಾಗಿ ದೊರೆತ ಆ ಉತ್ತರವನ್ನು ಕಾಣುವ ಭಾಗ್ಯ ಹಲವರಿಗೆ ಇರಲಿಲ್ಲ.

ಪ್ರಮುಖ ಬದಲಾವಣೆಗಳು

1950: ಎನ್‌ಬಿಎ ಪಂದ್ಯಗಳಲ್ಲಿ ಕಪ್ಪುವರ್ಣೀಯ ಆಟಗಾರರ ಪ್ರವೇಶ
1951: ಬುಟ್ಟಿಯ ಕೆಳಗಿನ ವಲಯ 6 ಅಡಿಯಿಂದ 12 ಅಡಿಗೆ
1954-55: 24 ಸೆಕೆಂಡುಗಳ ಗಡಿಯಾರ
1964: ಬುಟ್ಟಿಯ ಕೆಳಗಿನ ವಲಯ 16 ಅಡಿಗೆ
1969: ಫೈನಲ್ಸ್ ಶ್ರೇಷ್ಠ ಆಟಗಾರ ಪ್ರಶಸ್ತಿ ಆರಂಭ
1973-74: ಬ್ಲಾಕ್ ಮತ್ತು ಸ್ಟೀಲ್‌ಗಳ ಎಣಿಕೆ ಆರಂಭ
1976: ರಾಬರ್ಟ್‌ಸನ್ ಮೊಕದ್ದಮೆಯ ರಾಜಿ, ಎಬಿಎಯ ನಾಲ್ಕು ತಂಡಗಳ ಸೇರ್ಪಡೆ
1979-80: ಮೂರು ಅಂಕಗಳ ಗೆರೆ
2001-02: ವಲಯ ರಕ್ಷಣೆಗೆ ಅನುಮತಿ
2004-05: ಕೈಯಿಂದ ತಡೆಯುವುದರ ಮೇಲೆ ಬಿಗಿ ನಿರ್ಬಂಧ
2023-24: ಋತುವಿನ ಶ್ರೇಷ್ಠ ತಂಡಗಳ ಆಯ್ಕೆಯಲ್ಲಿ ಸ್ಥಾನಗಳ ಪರಿಗಣನೆ ರದ್ದು